ಅಕ್ಕನ ಕಂಬಗಳ್ಳಿ

ನಮ್ಮ ಊರಿನಲ್ಲಿ ಮನುಷ್ಯ ಸಾಯುವುದು ಅವನ ಕಳ್ಳಿ ಬಿದ್ದಾಗ. ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯೇ ಎಂದು ನೋಡುವ ಊರುಗಳೂ ಇವೆಯಂತೆ. ನಮಗೆ ಅದು ಹುಡುಗಾಟದ ಹಾಗೆ ಕಾಣುತ್ತದೆ. ಉಸಿರು ಯಾರ ಕಣ್ಣಿಗೂ ಕಾಣುವುದಿಲ್ಲ. ಕಳ್ಳಿ ಕಾಣುತ್ತದೆ, ಮೂರು ಹರದಾರಿ ದೂರದಿಂದಲೂ ಕಾಣುತ್ತದೆ.

ಮಗು ಹುಟ್ಟಿದ ದಿನ ಸೂಲಗಿತ್ತಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹೆಬ್ಬೆರಳು ಗಾತ್ರದ ಸಸಿ ಹಿಡಿದು ಬಯಲಿಗೆ ಬರುತ್ತಾಳೆ. ಸಸಿ ನೆಟ್ಟ ಮೇಲೆಯೇ ಮಗುವಿಗೆ ಹಾಲು. ಮಗು ನಡೆಯುವ ಹೊತ್ತಿಗೆ ಸಸಿ ಮೊಣಕಾಲುದ್ದ, ಮದುವೆಯ ಹೊತ್ತಿಗೆ ಆಳೆತ್ತರ. ಆಮೇಲೆ ಮನುಷ್ಯ ಬೆಳೆಯುವುದು ನಿಲ್ಲುತ್ತದೆ, ಕಳ್ಳಿಯದು ನಿಲ್ಲುವುದಿಲ್ಲ. ಮೈತುಂಬ ನಿರಿಗೆ, ನಿರಿಗೆಯ ಅಂಚಿಗೆಲ್ಲ ಮುಳ್ಳು, ಕಂಬದ ಹಾಗೆ ನೆಟ್ಟಗೆ ಏರುತ್ತಲೇ ಹೋಗುತ್ತದೆ. ಅದಕ್ಕೇ ನಾವು ಅದನ್ನು ಕಂಬಗಳ್ಳಿ ಎನ್ನುವುದು. ತುಂಬ ವಯಸ್ಸಾದ ಮೇಲೆ ಅದಕ್ಕೆ ಕೈಗಳು ಮೂಡುತ್ತವೆ.

ಕಂಬಗಳ್ಳಿಯಿಂದಲೇ ನಮ್ಮ ಬದುಕು. ಬೇಸಿಗೆಯಲ್ಲಿ ಅದರ ನೆತ್ತಿಯ ಮೇಲೆ ಕೆಂಪು ಹಣ್ಣಾಗುತ್ತದೆ. ಹಸಿಯಾಗಿ ತಿನ್ನುತ್ತೇವೆ, ಕುದಿಸಿ ಬೆಲ್ಲದ ಜೋನಿಯ ಹಾಗೆ ಗಟ್ಟಿ ಮಾಡಿ ಮಡಕೆಗಳಲ್ಲಿ ತುಂಬಿಡುತ್ತೇವೆ. ಒಳಗಿನ ಎಳ್ಳಿನಂಥ ಕಪ್ಪು ಬೀಜ ಬೀಸಿ ಅಂಬಲಿ ಕಾಯಿಸುತ್ತೇವೆ. ಇಷ್ಟು ನಿಂತ ಕಳ್ಳಿ ಕೊಡುವುದು. ಮಿಕ್ಕಿದ್ದೆಲ್ಲ ಬಿದ್ದ ಮೇಲೆ. ಮುಳ್ಳು ಸೂಜಿಗೆ ಮತ್ತು ಬಾಚಣಿಗೆಗೆ, ತಿರುಳು ಸುಟ್ಟ ಗಾಯಕ್ಕೆ, ಹಕ್ಕಿ ಕೊರೆದ ಪೊಟರೆ ಒಣಗಿ ಗಟ್ಟಿಯಾದರೆ ನೀರು ಕುಡಿಯುವ ಬಟ್ಟಲಿಗೆ. ತಿರುಳಿನ ಒಳಗೆ ಮರದಂಥ ಉದ್ದುದ್ದ ಎಲುಬುಗಳಿವೆ, ಅವು ಮನೆಯ ಸೂರಿಗೆ, ನಾವು ಮಾಡು ಎನ್ನುವುದಕ್ಕೆ. ನಿಂತ ಕಳ್ಳಿಗೆ ಕತ್ತಿ ಮುಟ್ಟಿಸುವಂತಿಲ್ಲ. ಹೀಗಾಗಿ ಮನೆಯಲ್ಲಿ ಯಾರಾದರೂ ಸಾಯುವವರೆಗೆ ಆ ಮನೆಗೆ ಮಾಡು ಇರುವುದಿಲ್ಲ.

ಈ ಊರಿನ ಅಳತೆಯವನು ನಾನು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಹಗ್ಗ ಹಿಡಿದು ಹೊರಡುತ್ತೇನೆ. ಒಂದೊಂದು ಕಳ್ಳಿಯ ಸೊಂಟಕ್ಕೂ ಹಗ್ಗ ಸುತ್ತಿ, ಹಗ್ಗದಲ್ಲಿ ಅದಕ್ಕೆಂದು ಹಾಕಿದ ಗಂಟಿಗಿಂತ ಹೆಚ್ಚೋ ಕಡಿಮೆಯೋ ನೋಡಿ, ಆ ಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತೇನೆ. ದಪ್ಪ ಎಂದರೆ ಒಂದು ಬಟ್ಟಲು ಪಾನಕ ಕೊಡುತ್ತಾರೆ. ಸಣ್ಣ ಎಂದರೆ ಕೂತುಕೊಳ್ಳಿ ಎನ್ನುವವರೂ ಇಲ್ಲ. ಪಾನಕದ ಆಸೆಗೆ ನಾನು ಸುಳ್ಳು ಹೇಳುತ್ತೇನೆ ಎಂದು ಕೆಲವರು ಆಡಿಕೊಳ್ಳುವುದುಂಟು. ಸುಳ್ಳು ಹೇಳುವವನಲ್ಲ ನಾನು. ಕೇಳದೆ ಇದ್ದದ್ದನ್ನು ಹೇಳಲಿಲ್ಲ, ಅಷ್ಟೇ. ಅದನ್ನು ಮುಂದೆ ಹೇಳುತ್ತೇನೆ.

ಊರಿನ ಯಜಮಾನಿಕೆ ಒಬ್ಬರದು, ಅವರನ್ನು ಹಿರಿಯರು ಎನ್ನುತ್ತೇವೆ. ಅವರ ದೇಹ ಮಣ್ಣಿಗೆ ಹೋದದ್ದು ನನ್ನ ತಾತ ತೊಟ್ಟಿಲಲ್ಲಿದ್ದಾಗ. ಆದರೆ ಅವರ ಕಳ್ಳಿ ಊರಬಾಗಿಲಲ್ಲಿ ಹನ್ನೊಂದು ಕೈ ಚಾಚಿಕೊಂಡು ನಿಂತಿದೆ, ಆದ್ದರಿಂದ ಹಿರಿಯರು ಚೆನ್ನಾಗಿದ್ದಾರೆ. ದಿನಾ ಬೆಳಿಗ್ಗೆ ಅವರಿಗೆ ಅಂಬಲಿ ಇಡುತ್ತೇವೆ. ಬಾವಿಯಿಂದ ಆಳಿಗೊಂದು ಕೊಡದಂತೆ ಸಿಗುವ ನೀರಿನಲ್ಲಿ ಅವರ ಕೊಡ ಮೊದಲು. ಹೋದ ವರ್ಷ ಅವರಿಗೆ ಇನ್ನೊಂದು ಮದುವೆಯನ್ನೂ ಮಾಡಿಸಿದೆವು. ಹೆಣ್ಣು ಸ್ವಲ್ಪ ಅತ್ತಳು, ಈಗ ಹೊಂದಿಕೊಂಡಿದ್ದಾಳೆ. ಹಿರಿಯರ ಪರವಾಗಿ ಮಾತಾಡುವವನನ್ನು ನಾವು ಬಾಯಿ ಎಂದು ಕರೆಯುತ್ತೇವೆ. ಅವನು ಕಳ್ಳಿಗೆ ಕಿವಿಯಿಟ್ಟು ಕೇಳಿ ನಮಗೆ ತೀರ್ಪು ಹೇಳುತ್ತಾನೆ. ಅಂಬಲಿಯನ್ನೂ ಆ ಕೊಡದ ನೀರನ್ನೂ ಅವನೇ ಕುಡಿಯುತ್ತಾನೆ. ಹಿರಿಯರು ಕುಡಿಯುವುದಕ್ಕೂ ಯಾರಾದರೂ ಬೇಕಲ್ಲ.

ಕಳ್ಳಿ ಬಿದ್ದವರ ವಿಷಯ ಬೇರೆ. ಹಿಂದೆ ನಮ್ಮ ಕಮ್ಮಾರನ ಕಳ್ಳಿಗೆ ಸಿಡಿಲು ಹೊಡೆಯಿತು. ಮೂವತ್ತರ ಗಟ್ಟಿ ಆಳು. ಆ ದಿನದಿಂದ ಅವನನ್ನು ಯಾರೂ ನೋಡಲಿಲ್ಲ, ಮಾತಾಡಿಸಲಿಲ್ಲ, ಅವನ ಕೈಗೆ ನೀರು ಹಾಕಲಿಲ್ಲ. ಬಾಗಿಲು ಬಾಗಿಲಿಗೆ ಬಂದು ಒಬ್ಬೊಬ್ಬರ ಹೆಸರು ಹಿಡಿದು ಕರೆದ. ನನ್ನ ಭುಜ ಹಿಡಿದು ಅಲುಗಾಡಿಸಿದ. ನಾನು ಹೆಂಡತಿಗೆ, ಈ ವರ್ಷ ಭುಜದ ನೋವು ಬೇಗ ಶುರುವಾಯಿತು ನೋಡು ಎಂದೆ. ಎಂಟು ದಿನವಾದ ಮೇಲೆ ಅವನು ತಾನಾಗಿಯೇ ಬೇಲಿ ದಾಟಿ ಬೆಂಗಾಡಿನ ಕಡೆ ನಡೆದ. ನಾವೇನೂ ಮಾಡಲಿಲ್ಲ. ನಾವು ಯಾರನ್ನೂ ಹೊಡೆಯುವವರಲ್ಲ, ಬಡಿಯುವವರಲ್ಲ.

ಈಗ ಅಕ್ಕ ತಂಗಿಯರ ಕಥೆಗೆ ಬರುತ್ತೇನೆ.

ಊರಿಗೆಲ್ಲ ಹಣ್ಣು ಕೆಡವುತ್ತಿದ್ದವರು ಇವರಿಬ್ಬರು. ಮನೆಯ ಎತ್ತರದ ಎರಡರಷ್ಟು ಉದ್ದದ ದೋಟಿ ಹಿಡಿದು ಅಕ್ಕ ನೆತ್ತಿಯ ಹಣ್ಣಿಗೆ ತಾಕಿಸುವಳು, ತಂಗಿ ಕೆಳಗೆ ಸೆರಗು ಹಿಡಿದು ನಿಲ್ಲುವಳು. ಇಪ್ಪತ್ತು ವರ್ಷದಲ್ಲಿ ಒಂದು ಹಣ್ಣೂ ಮಣ್ಣಿಗೆ ಬಿದ್ದದ್ದಿಲ್ಲ. ಅಕ್ಕನಿಗೆ ನಲವತ್ತಿರಬೇಕು. ಎತ್ತರದ ಆಳು, ದೊಡ್ಡ ಗಂಟಲು. ಬಯಲಿನ ಈ ತುದಿಯಲ್ಲಿ ನಕ್ಕರೆ ಆ ತುದಿಯ ಮಕ್ಕಳು ನಿದ್ದೆಯಿಂದ ಏಳುತ್ತಿದ್ದವು. ತಂಗಿ ಮೆತ್ತಗಿನವಳು. ಅಕ್ಕನನ್ನು ಬಿಟ್ಟು ಅವಳಿಗೆ ಯಾರೂ ಇರಲಿಲ್ಲ. ಅಪ್ಪ ಅಮ್ಮನ ಕಳ್ಳಿಯ ಎಲುಬಿನ ಮಾಡನ್ನು ಗೆದ್ದಲು ತಿಂದು ಮುಗಿಸಿತ್ತು. ನಾಲ್ಕು ಗೋಡೆಯ ಮೇಲೆ ಹಳೆಯ ಕಂಬಳಿ ಎಳೆದು ಕಟ್ಟಿಕೊಂಡು ಇಬ್ಬರೂ ಅದರ ಕೆಳಗೆ ಬದುಕುತ್ತಿದ್ದರು.

ಆ ವರ್ಷ ಮಾಘದ ಅಮಾವಾಸ್ಯೆಗೆ ಅಕ್ಕನ ಕಳ್ಳಿಗೆ ಹಗ್ಗ ಸುತ್ತಿದರೆ ಒಂದು ಗೇಣು ಹಗ್ಗ ಮಿಕ್ಕಿತು. ನಿರಿಗೆಗಳು ಒಳಕ್ಕೆ ಎಳೆದುಕೊಂಡಿದ್ದವು. ನಾನು ಬಾಗಿಲಲ್ಲಿ ನಿಂತು, “ಅಕ್ಕನದು ಸಣ್ಣ,” ಎಂದೆ.

“ನೀವು ಎಷ್ಟು ಸಣ್ಣ ಅಂತ ಯಾವತ್ತಾದ್ರೂ ಅಳೆದುಕೊಂಡಿದೀರಾ ಅಳತೆಯಣ್ಣ?” ಎಂದು ಅಕ್ಕ ನಕ್ಕಳು. “ಬನ್ನಿ, ಕೂತ್ಕೊಳ್ಳಿ. ಸಣ್ಣ ಅಂದ್ರೂ ನಮ್ಮನೇಲಿ ಪಾನಕ ಕೊಡ್ತೀವಿ.”

ಕೊಟ್ಟಳು ಕೂಡ. ಕುಡಿಯುವಾಗ ನಾನು ತಂಗಿಯ ಮುಖ ನೋಡಿದೆ. ಹೆದರಿ ಬಿಳಿಚಿಕೊಂಡಿತ್ತು.

“ಅಣ್ಣ, ಎಷ್ಟು ದಿನ ನಿಲ್ಲಬಹುದು?” ಎಂದು ಅವಳು ಬೀದಿಯವರೆಗೆ ಹಿಂದೆ ಬಂದು ಕೇಳಿದಳು.

“ಯಾರಿಗೆ ಗೊತ್ತಮ್ಮ. ಬೇಸಿಗೆ ಹೋದರೆ ಸುಧಾರಿಸಿಕೊಳ್ಳಬಹುದು,” ಎಂದೆ.

ಇದು ನಿಜವೇ. ಕಂಬಗಳ್ಳಿ ಬೇಸಿಗೆಯಲ್ಲಿ ಬಡಕಲಾಗುತ್ತದೆ, ಮಳೆ ಬಿದ್ದರೆ ತುಂಬಿಕೊಳ್ಳುತ್ತದೆ. ಗೇಣು ಹಗ್ಗ ಮಿಕ್ಕಿದರೆ ಹೆದರುವಂಥದ್ದೇನೂ ಇರಲಿಲ್ಲ. ಆ ಮಾತನ್ನು ನಾನು ಇನ್ನಷ್ಟು ಬಿಡಿಸಿ ಹೇಳಬಹುದಿತ್ತು. ಬಿಸಿಲು ಜಾಸ್ತಿಯಿತ್ತು, ಇನ್ನೂ ಹತ್ತಾರು ಮನೆ ಬಾಕಿಯಿತ್ತು.

ಮಾರನೆಯ ದಿನದಿಂದ ತಂಗಿ ನಸುಕಿನಲ್ಲಿ ಎದ್ದು ತನ್ನ ಪಾಲಿನ ಕೊಡದಲ್ಲಿ ಅರ್ಧ ನೀರನ್ನು ಅಕ್ಕನ ಕಳ್ಳಿಯ ಬುಡಕ್ಕೆ ಹಾಕತೊಡಗಿದಳು. ನಮ್ಮ ಊರಿನಲ್ಲಿ ಕಳ್ಳಿಗೆ ಯಾರೂ ನೀರು ಹಾಕಿದ್ದಿಲ್ಲ. ಕುಡಿಯುವುದಕ್ಕೇ ಸಾಲದ ನೀರನ್ನು ಯಾರು ತಾನೇ ಗಿಡಕ್ಕೆ ಹಾಕುತ್ತಾರೆ? ಆದ್ದರಿಂದ ಹಾಕಿದರೆ ಏನಾಗುತ್ತದೆ ಎಂದು ಅವಳಿಗೆ ಹೇಳುವವರೂ ಇರಲಿಲ್ಲ. ಒಂದು ತಿಂಗಳಲ್ಲಿ ನಿರಿಗೆಗಳು ತುಂಬಿದವು. ಅವಳಿಗೆ ಆಸೆ ಹುಟ್ಟಿ ಇಡೀ ಕೊಡವನ್ನೇ ಹಾಕತೊಡಗಿದಳು. ಹಗಲೆಲ್ಲ ಗಂಟಲು ಒಣಗಿ ಒದ್ದಾಡುತ್ತಿದ್ದ ತಂಗಿಯನ್ನು ನೋಡಿ ಅಕ್ಕ ತನ್ನ ಕೊಡದಿಂದ ಬಗ್ಗಿಸಿ ಕುಡಿಸುತ್ತಿದ್ದಳು. “ನಿನ್ನ ಹೊಟ್ಟೇಲಿ ಏನು ತೂತಿದೆಯೇನೇ?” ಎಂದು ಬೈಯುತ್ತಲೇ ಕುಡಿಸುತ್ತಿದ್ದಳು.

ಮುಂದಿನ ಅಮಾವಾಸ್ಯೆಗೆ ಹಗ್ಗ ಸರಿಯಾಗಿ ಕೂತಿತು. ಅದರ ಮುಂದಿನದಕ್ಕೆ ಹಗ್ಗ ಸಾಲಲಿಲ್ಲ. ಕಳ್ಳಿ ಊದಿ ನಿಂತಿತ್ತು, ನಿರಿಗೆಯೇ ಇರಲಿಲ್ಲ, ಚರ್ಮ ಹೊಳೆಯುತ್ತಿತ್ತು. ಕೂತು ಬುಡದ ಮಣ್ಣು ಮುಟ್ಟಿ ನೋಡಿದೆ. ಕಡುಬೇಸಿಗೆಯಲ್ಲಿ ಆ ಮಣ್ಣು ಬೆರಳಿಗೆ ಅಂಟಿತು.

ನನಗೆ ಗೊತ್ತಾಯಿತು. ನನ್ನ ಅಪ್ಪ ಹಗ್ಗವನ್ನು ನನ್ನ ಕೈಗೆ ಕೊಡುವಾಗ ಹೇಳಿದ್ದ: ಇದು ನೀರನ್ನು ಸಾಕು ಎನ್ನಲು ಬಾರದ ಗಿಡ, ಕೊಟ್ಟಷ್ಟೂ ಕುಡಿಯುತ್ತದೆ, ಕುಡಿದು ಕುಡಿದು ಒಳಗೇ ಕೊಳೆತು ಒಡೆಯುತ್ತದೆ. ನಾನು ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ, “ಅಕ್ಕನದು ದಪ್ಪ!” ಎಂದು ಕೂಗಿದೆ. ತಂಗಿ ಕುಣಿದಾಡಿಬಿಟ್ಟಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎರಡು ಬಟ್ಟಲು ಪಾನಕ ಕೊಟ್ಟಳು. ನನಗೆ ಅವಳ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ. ಹೀಗೆ ಹೇಳಿಕೊಂಡರೆ ನನಗೆ ಸ್ವಲ್ಪ ಸಮಾಧಾನವಾಗುತ್ತದೆ.

ಹಣ್ಣು ಕೆಡವುವ ದಿನ ಬಂತು. ಊರೆಲ್ಲ ಬುಟ್ಟಿ ಹಿಡಿದು ಬಯಲಿನಲ್ಲಿ ಸೇರಿತ್ತು. ಬಿಸಿಲು ಏರುತ್ತಿತ್ತು. ಅಕ್ಕ ದೋಟಿ ಎತ್ತಿ ಸೂಲಗಿತ್ತಿಯ ಕಳ್ಳಿಯ ಹಣ್ಣು ಕೆಡವುತ್ತಿದ್ದಳು, ತಂಗಿ ಸೆರಗು ಒಡ್ಡಿದ್ದಳು. ಆಗ ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಅಕ್ಕನ ಕಳ್ಳಿ ಉದ್ದಕ್ಕೆ ಬಿದ್ದಿತ್ತು. ಬುಡ ಒಡೆದು ಕಪ್ಪು ನೀರು ಹರಿಯುತ್ತಿತ್ತು. ಕೊಳೆತ ವಾಸನೆ ಊರೆಲ್ಲ ಹಬ್ಬಿತು.

ದೋಟಿಯ ತುದಿಯ ಹಣ್ಣು ತಂಗಿಯ ಸೆರಗಿಗೆ ಬಿತ್ತು. ಆಮೇಲೆ ಬಾಯಿ ಮುಂದೆ ಬಂದು ರುಮಾಲು ತೆಗೆದ.

“ಹೋಗಿಬಿಟ್ಟಳು,” ಎಂದ. “ಒಳ್ಳೆ ಹೆಣ್ಣುಮಗಳು.”

ಹೆಂಗಸರು ಎದೆ ಬಡಿದುಕೊಂಡು ಅತ್ತರು. ನಟನೆಯಲ್ಲ, ನಿಜವಾಗಿಯೇ ಅತ್ತರು. ಅಕ್ಕನ ಮೇಲೆ ಎಲ್ಲರಿಗೂ ಪ್ರೀತಿಯಿತ್ತು. ನನ್ನ ಕಣ್ಣಲ್ಲೂ ನೀರು ಬಂತು. ಅಕ್ಕ ದೋಟಿ ಹಿಡಿದು ನಮ್ಮ ನಡುವೆಯೇ ನಿಂತಿದ್ದಳು.

“ಯಾಕ್ರೇ ಅಳ್ತೀರಿ? ಇಲ್ಲೇ ಇದೀನಲ್ಲ,” ಎಂದಳು. ಒಬ್ಬೊಬ್ಬರ ಮುಂದೆಯೂ ಹೋಗಿ ಬಗ್ಗಿ ಮುಖ ನೋಡಿದಳು. “ಸೂಲಗಿತ್ತಮ್ಮ, ನನ್ನ ನೋಡು. ಅಳತೆಯಣ್ಣ, ನೀವಾದ್ರೂ ಹೇಳಿ.” ನಾನು ಹಗ್ಗ ಸುತ್ತಿಕೊಳ್ಳುತ್ತಿದ್ದೆ.

ತಂಗಿ ಓಡಿಹೋಗಿ ಬಾಯಿಯ ಕಾಲಿಗೆ ಬಿದ್ದಳು.

“ಬುದ್ಧಿ, ಅದು ತಾನಾಗಿ ಬೀಳಲಿಲ್ಲ. ನಾನು ನೀರು ಹಾಕಿದೆ. ದಿನಾ ಇಡೀ ಕೊಡ ಹಾಕಿದೆ. ನಾನೇ ಕೊಂದೆ. ಅವಳ ಸಾವಲ್ಲ ಅದು, ನನ್ನ ತಪ್ಪು. ಲೆಕ್ಕಕ್ಕೆ ಹಿಡೀಬೇಡಿ ಬುದ್ಧಿ.”

ಊರು ಗುಸುಗುಸು ಎಂದಿತು. ಒಬ್ಬರ ಕಳ್ಳಿಯನ್ನು ಇನ್ನೊಬ್ಬರು ಕೆಡವಿದರೆ ಕೆಡವಿದವರ ಕಳ್ಳಿಯನ್ನೂ ಕಡಿಯಬೇಕೆಂದು ಕಟ್ಟಳೆಯಿದೆ. ಬಾಯಿ ಊರಬಾಗಿಲಿಗೆ ಹೋಗಿ ಹಿರಿಯರ ಕಳ್ಳಿಗೆ ಕಿವಿಯಿಟ್ಟ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಬಂದು ಹೇಳಿದ:

“ಕೊಂದವರ ಮೇಲೆ ಸತ್ತವರೇ ದೂರು ಕೊಡಬೇಕು. ಸತ್ತವರು ಮಾತಾಡುವುದಿಲ್ಲ. ಆದ್ದರಿಂದ ದೂರಿಲ್ಲ. ಹಿರಿಯರು ನಿನ್ನನ್ನು ಕ್ಷಮಿಸಿದ್ದಾರೆ, ಮಗಳೇ.”

“ನನಗೆ ಕ್ಷಮೆ ಬೇಡ ಬುದ್ಧಿ—”

“ಹಿರಿಯರ ಕ್ಷಮೆ ಬೇಡ ಅನ್ನಬಾರದು. ಏಳು. ಮೊದಲ ಕತ್ತಿ ನಿನ್ನದು. ಬಿಸಿಲಿಗೆ ತಿರುಳು ಕೆಡುತ್ತದೆ.”

ಹತ್ತಿರದ ನೆಂಟರು ಮೊದಲ ಕತ್ತಿ ಹಾಕದೆ ಯಾರಿಗೂ ಪಾಲು ಸಿಗುವುದಿಲ್ಲ. ಎಲ್ಲರೂ ಕಾಯುತ್ತಿದ್ದರು. ಒಬ್ಬಳು ಕೈಸುಟ್ಟ ಮಗುವನ್ನು ಎತ್ತಿಕೊಂಡು ತಿರುಳಿಗಾಗಿಯೇ ಬಂದು ನಿಂತಿದ್ದಳು. ತಂಗಿಯ ಕೈಗೆ ಮಚ್ಚು ಕೊಟ್ಟರು. ಅವಳು ಜೀವನದಲ್ಲಿ ಹಣ್ಣು ಹಿಡಿದವಳೇ ಹೊರತು ಕಳ್ಳಿ ಕಡಿದವಳಲ್ಲ. ಕಣ್ಣು ಮುಚ್ಚಿ ಅಡ್ಡಕ್ಕೆ ಹೊಡೆದಳು. ಒಂದು ಎಲುಬು ಮುರಿಯಿತು.

ಅಕ್ಕ ಅಷ್ಟು ಹೊತ್ತು ಒಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಕೆಟ್ಟ ಕೆಲಸ ಕಂಡರೆ ಆಗುತ್ತಿರಲಿಲ್ಲ.

“ಅಲ್ಲಲ್ಲ, ಅಡ್ಡ ಹೊಡೀಬೇಡ್ವೇ!” ಎಂದು ಎದ್ದು ಬಂದಳು. “ಎಲುಬಿನ ಗುಂಟ ಉದ್ದಕ್ಕೆ ಸೀಳು. ತಿರುಳು ತಾನೇ ಬಿಟ್ಕೊಳ್ಳತ್ತೆ. ಕೊಳೆತದ್ದು ಬುಡದ್ದು ಮಾತ್ರ, ಅದನ್ನ ಆ ಕಡೆ ತಳ್ಳು. ಮೇಲಿಂದು ಚೆನ್ನಾಗಿದೆ, ಮಗೂಗೆ ಅದನ್ನ ಕೊಡು. ಹಾಂ, ಹಾಗೆ.”

ತಂಗಿ ತಲೆ ಎತ್ತಲಿಲ್ಲ. ಆದರೆ ಅವಳ ಮಚ್ಚು ಉದ್ದಕ್ಕೆ ಹೋಯಿತು. ಉಳಿದ ಎಲುಬುಗಳು ಒಂದೂ ಮುರಿಯದೆ ಬಂದವು. ಬಾಯಿ ಹುಬ್ಬು ಗಂಟಿಕ್ಕಿದ.

“ಇದನ್ನು ಯಾರು ಹೇಳಿಕೊಟ್ಟರು ನಿನಗೆ?”

ತಂಗಿ ಮಚ್ಚು ಕೆಳಗಿಟ್ಟಳು. “ಯಾರೂ ಇಲ್ಲ ಬುದ್ಧಿ,” ಎಂದಳು.

ಅಕ್ಕನ ಕೈ ತಂಗಿಯ ಭುಜದ ಮೇಲಿತ್ತು. ಅದನ್ನು ನಿಧಾನಕ್ಕೆ ತೆಗೆದಳು.

ಪಾಲು ಹಂಚಿದರು. ಮುಳ್ಳು ದರ್ಜಿಗೆ ಹೋಯಿತು, ತಿರುಳು ಮಗುವಿಗೆ ಹೋಯಿತು, ಪೊಟರೆಯ ಬಟ್ಟಲು ಸೂಲಗಿತ್ತಿಗೆ. ನನಗೆ ಒಂದು ಬಾಚಣಿಗೆಯ ಹಲ್ಲುಗಳಿಗಾಗುವಷ್ಟು ಮುಳ್ಳು ಬಂತು. ಎಲುಬುಗಳನ್ನು ನಾವೇ ಹೊತ್ತು ತಂದು ತಂಗಿಯ ಗೋಡೆಗಳ ಮೇಲೆ ಮಾಡು ಕಟ್ಟಿಕೊಟ್ಟೆವು. ಕಂಬಳಿ ಬಿಚ್ಚಿ ಮಡಿಸಿಟ್ಟೆವು. ನೆರಳು ಚೆನ್ನಾಗಿ ಬಿತ್ತು.

ಅಕ್ಕ ಆ ಮಾಡಿನ ಕೆಳಗೇ ಕೂತಳು. ಬೇರೆ ಎಲ್ಲಿಗೆ ಹೋಗುತ್ತಾಳೆ? ಮೊದಲ ದಿನ ತಂಗಿಯನ್ನು ಬೈದಳು, ನಗಿಸಲು ನೋಡಿದಳು, ಚಿಕ್ಕಂದಿನ ಕಥೆಗಳನ್ನೆಲ್ಲ ತೆಗೆದಳು. ತಂಗಿ ಬೆನ್ನು ತಿರುಗಿಸಿ ಅಂಬಲಿ ಕಾಯಿಸುತ್ತಿದ್ದಳು. ಎರಡನೆಯ ದಿನ ತಂಗಿ ಕೊಡ ಇಳಿಸುವಾಗ ಕೈಜಾರಿದವಳ ಹಾಗೆ ಅಕ್ಕನ ಬೊಗಸೆಗೆ ಸ್ವಲ್ಪ ನೀರು ಚೆಲ್ಲಿದಳು. ಪಕ್ಕದ ಮನೆಯವಳು ನೋಡಿ ಬಾಯಿಗೆ ಹೇಳಿದಳು. ಬಾಯಿ ಬಂದು ಹೊಸ್ತಿಲಲ್ಲಿ ನಿಂತು, “ಕೈಜಾರುವ ರೋಗ ಒಳ್ಳೆಯದಲ್ಲ ಮಗಳೇ,” ಎಂದಷ್ಟೇ ಹೇಳಿ ಹೋದ. ಆಮೇಲೆ ಅವಳ ಕೈ ಜಾರಲಿಲ್ಲ. ಮೂರನೆಯ ದಿನ ಅಕ್ಕ ಮಾತು ನಿಲ್ಲಿಸಿದಳು. ತುಟಿ ಒಡೆದಿತ್ತು.

ನಾಲ್ಕನೆಯ ದಿನ ನೆತ್ತಿಯ ಮೇಲೆ ಸೂರ್ಯನಿರುವಾಗ ಅಕ್ಕ ಎದ್ದಳು. ಬಡಗಿಯ ಅಂಗಳಕ್ಕೆ ಹೋಗಿ ಅವನ ಕಣ್ಣೆದುರೇ ಕೊಡಲಿ ಎತ್ತಿಕೊಂಡಳು. ಬಡಗಿ ಏನೂ ಹೇಳಲಿಲ್ಲ. ಹೇಗೆ ಹೇಳುತ್ತಾನೆ? ಕೊಡಲಿ ಹೆಗಲಿಗಿಟ್ಟು ಬೀದಿಯ ನಡುವೆ ನಡೆದು ಊರಬಾಗಿಲಿಗೆ ಬಂದಳು. ಹಿರಿಯರ ಕಳ್ಳಿಯ ಎದುರು ಕಾಲೂರಿ ನಿಂತು ಬುಡಕ್ಕೆ ಒಂದೇಟು ಹಾಕಿದಳು.

ಸದ್ದು ಕೇಳಿ ಊರೆಲ್ಲ ಓಡಿಬಂತು. ಓಡಿಬಂದು ನಿಂತುಬಿಟ್ಟಿತು. ಅವಳನ್ನು ತಡೆಯಬೇಕಾದರೆ ಅವಳು ಅಲ್ಲಿದ್ದಾಳೆ ಎಂದು ಒಪ್ಪಬೇಕು. ಕೈ ಹಿಡಿಯಬೇಕಾದರೆ ಅವಳಿಗೆ ಕೈ ಇದೆ ಎನ್ನಬೇಕು. ಎರಡನೆಯ ಏಟು ಬಿತ್ತು. ಹಿರಿಯರ ಮೈಯಿಂದ ನೀರು ಜಿನುಗಿತು. ಹನ್ನೊಂದು ಕೈಗಳೂ ಅದುರಿದವು. ಬಾಯಿಯ ಮುಖ ಬೂದಿಯಾಯಿತು.

“ಗಾಳಿ,” ಎಂದ ಬಾಯಿ. “ಗಾಳಿ ಜೋರಾಗಿದೆ.”

“ಹೌದು, ಗಾಳಿ,” ಎಂದೆವು ನಾವು. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ.

ಅಕ್ಕ ಕೊಡಲಿ ಕೆಳಗೂರಿ ನಮ್ಮ ಕಡೆ ತಿರುಗಿದಳು. ದನಿ ಒಣಗಿ ಗೊಗ್ಗರಾಗಿತ್ತು.

“ನಿಮ್ಮ ಹಿರಿಯರು ನನಗೆ ಬೇಡ,” ಎಂದಳು. “ಒಂದು ಮಾತು ಅನ್ನಿ, ಸಾಕು. ‘ನಿಲ್ಸೇ’ ಅನ್ನಿ. ಬೈದಾದ್ರೂ ಅನ್ನಿ. ಮುಂಡೇ ಅನ್ನಿ, ದರಿದ್ರದವಳೇ ಅನ್ನಿ. ಯಾರಾದ್ರೂ ಒಬ್ರು. ಕೊಡಲಿ ಇಟ್ಬಿಡ್ತೀನಿ.”

ಇಷ್ಟೇ ಅವಳು ಕೇಳಿದ್ದು. ನನ್ನ ನಾಲಿಗೆಯ ತುದಿಗೆ ಬಂದಿತ್ತು ಆ ಮಾತು, ದೇವರಾಣೆ ಬಂದಿತ್ತು. ಅವಳ ಕಳ್ಳಿಯ ಬುಡದ ಮಣ್ಣು ಮುಟ್ಟಿದ ಬೆರಳು ನನ್ನದು, ಎರಡು ಬಟ್ಟಲು ಪಾನಕ ಕುಡಿದವನು ನಾನು. ಅಕ್ಕಪಕ್ಕ ನೋಡಿದೆ. ಮೊದಲು ಬೇರೆ ಯಾರಾದರೂ ಅನ್ನಲಿ ಎಂದು ಕಾದೆ. ಎಲ್ಲರೂ ಹಾಗೆಯೇ ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ ಮತ್ತೆ ಕೊಡಲಿ ಎತ್ತಿದಳು.

ಬಾಯಿ ಬುದ್ಧಿವಂತ. ಅವನು ಅಕ್ಕನ ಕಡೆ ನೋಡಲೇ ಇಲ್ಲ. ತಂಗಿಯ ಕಡೆ ತಿರುಗಿದ.

“ಹಿರಿಯರು ವಾಲುತ್ತಿದ್ದಾರೆ, ಆಸರೆ ಬೇಕು. ನಿನ್ನನ್ನು ಕ್ಷಮಿಸಿದವರು ಅವರು. ಅವರು ಬಿದ್ದರೆ ಅವರ ಕ್ಷಮೆಯೂ ಬಿತ್ತು, ಆಮೇಲೆ ನೀನು ಕೊಂದವಳು. ನಿನ್ನ ಕಳ್ಳಿ ಎಲ್ಲಿದೆ ಎಂದು ನಮಗೆಲ್ಲ ಗೊತ್ತು. ಹೋಗು, ಬೆನ್ನು ಕೊಟ್ಟು ನಿಲ್ಲು.”

ತಂಗಿ ಹೋದಳು. ಕೊಡಲಿ ಬೀಳುವ ಜಾಗಕ್ಕೇ ಹೋಗಿ, ಹಿರಿಯರ ಕಳ್ಳಿಗೆ ಬೆನ್ನು ಒತ್ತಿ ನಿಂತಳು. ಮುಳ್ಳುಗಳು ರವಿಕೆ ಹರಿದು ಒಳಗೆ ಇಳಿದವು. ಅವಳು ಹಲ್ಲು ಕಚ್ಚಿದಳು. ಅಕ್ಕ ಎತ್ತಿದ ಕೊಡಲಿ ಎತ್ತಿದಂತೆಯೇ ಉಳಿಯಿತು. ಇಬ್ಬರ ಮುಖದ ನಡುವೆ ಒಂದು ಮೊಳದಷ್ಟು ಜಾಗವಿತ್ತು.

“ನೀನು ಅನ್ನೇ,” ಎಂದಳು ಅಕ್ಕ. ಈಗ ಅವಳು ಬೇಡುತ್ತಿದ್ದಳು. “ಅವರು ಬೇಡ. ನೀನು ಅಂದ್ರೆ ಸಾಕು. ‘ಬೇಡ ಅಕ್ಕ’ ಅನ್ನು. ಇಬ್ರೂ ಬೇಲಿ ದಾಟಿ ಹೋಗೋಣ. ಆ ಕಡೆ ಏನಿದೆಯೋ ನೋಡೋಣ.”

ತಂಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಅಕ್ಕನ ಮುಖದ ಆಚೆಗೆ, ಬಾಯಿಯ ಕಡೆ ನೋಡಿದಳು.

“ಗಾಳಿ ನಿಂತಿತು ಬುದ್ಧಿ,” ಎಂದಳು.

ಅಕ್ಕ ಕೊಡಲಿಯನ್ನು ಕೆಳಗಿಳಿಸಿ, ಯಾರ ಕಾಲಿಗೂ ತಾಗದ ಹಾಗೆ ಅಲಗನ್ನು ಮಣ್ಣಿನ ಕಡೆ ಮಾಡಿ ಇಟ್ಟಳು.

“ಬೆನ್ನಿನ ಮುಳ್ಳು ಇವತ್ತೇ ತೆಗೆಸ್ಕೋ,” ಎಂದಳು. “ಕೀವಾಗತ್ತೆ.”

ಸೆರಗು ತಲೆಗೆ ಹೊದ್ದು ಬೇಲಿಯ ಕಡೆ ನಡೆದಳು. ನಾವು ದಾರಿ ಬಿಟ್ಟೆವು. ಯಾಕೆ ಪಕ್ಕಕ್ಕೆ ಸರಿದೆವು ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ.

ಅವಳು ಬೇಲಿ ದಾಟಿ, ಬೆಂಗಾಡಿನ ಬಿಸಿಲಿನಲ್ಲಿ ಒಂದು ಕೂಗಳತೆಯಷ್ಟು ಹೋಗಿರಬಹುದು. ಆಗ ತಂಗಿ ಕಳ್ಳಿಯಿಂದ ಬೆನ್ನು ಕಿತ್ತುಕೊಂಡು ಬಂದಳು. ಬೇಲಿಯವರೆಗೆ ಓಡಿದಳು. ಅಲ್ಲಿ ನಿಂತು ಜೀವಮಾನದಲ್ಲಿ ಎಂದೂ ಎತ್ತದ ದನಿ ಎತ್ತಿ ಕೂಗಿದಳು.

“ಅಕ್ಕಾ! ಅಕ್ಕಾ, ನಿಂತ್ಕೊಳ್ಳೇ!”

ಎಲ್ಲರೂ ಕೇಳಿಸಿಕೊಂಡಿದ್ದೆವು. ಕೇಳಿಲ್ಲ ಎನ್ನುವಂತಿರಲಿಲ್ಲ. ಅವಳು ನಮ್ಮ ಕಡೆ ತಿರುಗಿ ಕೈ ಚಾಚಿ ತೋರಿಸಿದಳು.

“ನನ್ನ ಅಕ್ಕ ಬದುಕಿದಾಳೆ! ಅಗೋ ಅಲ್ಲಿ ಹೋಗ್ತಿದಾಳೆ ನೋಡ್ರೋ! ನಡ್ಕೊಂಡು ಹೋಗ್ತಿದಾಳೆ ನೋಡಿ!”

ಬೆಂಗಾಡಿನಲ್ಲಿ ಅಕ್ಕನ ಹೆಜ್ಜೆ ಒಂದು ಕ್ಷಣ ನಿಂತಿತು. ಅಷ್ಟು ದೂರದಿಂದಲೂ ನನಗೆ ಅದು ಕಂಡಿತು. ಅವಳು ತಿರುಗಿದ್ದರೆ, ಕರೆದವಳಿಗೆ ಸತ್ತವಳು ಓಗೊಟ್ಟ ಹಾಗಾಗುತ್ತಿತ್ತು, ತಂಗಿಗೂ ಈ ಊರು ಮುಗಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ತಿರುಗಲಿಲ್ಲ. ಮತ್ತೆ ನಡೆದಳು.

ನಾವು ಬಾಯಿಯ ಮುಖ ನೋಡಿದೆವು. ಅವನು ರುಮಾಲಿನಿಂದ ಬೆವರು ಒರೆಸಿಕೊಂಡು, ತುಂಬ ಮೃದುವಾಗಿ ಹೇಳಿದ:

“ಅಳಲಿ ಬಿಡಿ. ಸತ್ತವರನ್ನು ಕರೆದು ಅಳುವುದು ಎಲ್ಲ ಕಡೆಯೂ ಇದ್ದದ್ದೇ. ನಾಲ್ಕು ದಿನದಿಂದ ಬಾಯಿಬಿಟ್ಟು ಅತ್ತಿರಲಿಲ್ಲ ಪಾಪ. ಹೋಗ್ರಮ್ಮ, ಜೊತೆಯಾಗಿ.”

ಎಲ್ಲರಿಗೂ ಉಸಿರು ಹಗುರಾಯಿತು. ಹೆಂಗಸರು ಹೋಗಿ ಅವಳನ್ನು ಸುತ್ತುವರಿದು ತಬ್ಬಿಕೊಂಡರು. ಅವಳು ಕೊಸರಿಕೊಂಡು, “ಅಳ್ತಿಲ್ಲ ನಾನು! ನಿಜವಾಗ್ಲೂ ಹೋಗ್ತಿದಾಳೆ, ನೋಡಿ!” ಎಂದು ಅರಚಿದಳು. ಅವರು ಇನ್ನಷ್ಟು ಬಿಗಿಯಾಗಿ ತಬ್ಬಿ, ಅವಳ ದನಿಗೆ ದನಿ ಸೇರಿಸಿದರು. ನಡ್ಕೊಂಡು ಹೋಗ್ತಿದಾಳೆ ನೋಡಿ, ನನ್ನ ಅಕ್ಕ ನಡ್ಕೊಂಡು ಹೋಗ್ತಿದಾಳೆ ನೋಡಿ. ಸೂಲಗಿತ್ತಿ ರಾಗ ಹಿಡಿದಳು, ಉಳಿದವರು ಎದೆ ಬಡಿದು ತಾಳ ಹಾಕಿದರು. ಅವಳು ಎಷ್ಟು ಜೋರಾಗಿ ಕೂಗಿದರೂ ಅದು ಹಾಡಿನ ಒಳಗೇ ಬೀಳುತ್ತಿತ್ತು. ಕೊನೆಗೆ ಅವಳು ಸುಮ್ಮನಾದಳು. ಹಾಡು ಮಾತ್ರ ಸಂಜೆಯವರೆಗೆ ನಡೆಯಿತು.

ಆ ಹಾಡಿನ ಸಾಲು ಎಲ್ಲರಿಗೂ ಹಿಡಿಸಿಬಿಟ್ಟಿದೆ. ಈಗ ನಮ್ಮ ಊರಿನಲ್ಲಿ ಯಾರ ಕಳ್ಳಿ ಬಿದ್ದರೂ ಹೆಂಗಸರು ಅದನ್ನೇ ಹಾಡಿಕೊಂಡು ಅಳುತ್ತಾರೆ. ತಂಗಿಯನ್ನೂ ಕರೆದು ಮುಂದೆ ಕೂರಿಸುತ್ತಾರೆ, ಅವಳು ಕಟ್ಟಿದ ಹಾಡು ತಾನೇ ಎಂದು.